ಕ್ಲೌಡ್ ಸೇವೆಯಲ್ಲಿ ಕಂಟೇನರ್ ಕಾರ್ಯಗಳನ್ನು ಕೋಡ್ ಮೂಲಕ ನಿಗದಿಪಡಿಸುವ ವಿಧಾನ: ಹೋಬಳಿ ಮಳೆ ಲೆಕ್ಕದ ಉದಾಹರಣೆಯೊಂದಿಗೆ

1. ಪೀಠಿಕೆ

ಸರ್ಕಾರಿ ಸೇವೆಗಳ ಗಣಕೀಕರಣದಲ್ಲಿ ಸಾರ್ವಜನಿಕರ ಕಣ್ಣಿಗೆ ಬೀಳುವುದು ಅರ್ಜಿ ನಮೂನೆ, ಪ್ರಮಾಣ ಪತ್ರ ಹಾಗೂ ಪಹಣಿಗಳು ಮಾತ್ರ. ಇವುಗಳ ಹಿಂದೆ ಪ್ರತಿದಿನ ನಿಗದಿತ ವೇಳೆಗೆ ತಾನಾಗಿಯೇ ನಡೆಯುವ ಅನೇಕ ಗಣಕ ಕಾರ್ಯಗಳಿರುತ್ತವೆ. ಅಂಕಿ ಅಂಶಗಳನ್ನು ಒಟ್ಟುಗೂಡಿಸುವುದು, ವರದಿ ಸಿದ್ಧಪಡಿಸುವುದು, ಕಿರು ಸಂದೇಶ ಕಳುಹಿಸುವುದು ಇತ್ಯಾದಿ. ಇಂತಹ ಕಾರ್ಯಗಳನ್ನು ಈಗ ಹೆಚ್ಚಾಗಿ ಕ್ಲೌಡ್ ಸೇವೆಗಳಲ್ಲಿ ಕಂಟೇನರ್‌ಗಳ ರೂಪದಲ್ಲಿ ನಡೆಸಲಾಗುತ್ತಿದೆ. ಅವುಗಳ ವ್ಯವಸ್ಥೆಯನ್ನು ಪರದೆಯ ಮೇಲೆ ಗುಂಡಿ ಒತ್ತಿ ಮಾಡುವ ಬದಲು ಕೋಡ್ ಮೂಲಕ ಬರೆದಿಡುವುದು ಏಕೆ ಅವಶ್ಯ ಮತ್ತು ಅದನ್ನು ಹೇಗೆ ಮಾಡಬೇಕು ಎಂಬುದನ್ನು ಈ ಪುಟದಲ್ಲಿ ವಿವರಿಸಲಾಗಿದೆ.

2. ಕಂಟೇನರ್ ಮತ್ತು ಟಾಸ್ಕ್ ಎಂದರೇನು?

ಒಂದು ತಂತ್ರಾಂಶ ಹಾಗೂ ಅದು ನಡೆಯಲು ಬೇಕಾದ ಎಲ್ಲಾ ಪೂರಕ ಕಡತಗಳನ್ನು ಒಟ್ಟಾಗಿ ಕಟ್ಟಿದ ಪೊಟ್ಟಣಕ್ಕೆ ಇಮೇಜ್ ಎಂದು ಹೆಸರು. ಸದರಿ ಇಮೇಜ್ ಚಾಲನೆಗೊಂಡಾಗ ಅದನ್ನು ಕಂಟೇನರ್ ಎನ್ನಲಾಗುತ್ತದೆ. 2013ರಲ್ಲಿ ಡಾಕರ್ ತಂತ್ರಾಂಶ ಬಿಡುಗಡೆಯಾದ ನಂತರ ಈ ಪದ್ಧತಿಯು ವ್ಯಾಪಕವಾಯಿತು. ಒಂದು ಗಣಕಯಂತ್ರದಲ್ಲಿ ಸರಿಯಾಗಿ ನಡೆದ ಕಾರ್ಯಕ್ರಮವು ಇನ್ನೊಂದರಲ್ಲಿಯೂ ಹಾಗೆಯೇ ನಡೆಯುವುದು ಇದರ ಮುಖ್ಯ ಅನುಕೂಲ.

ಅಮೆಜಾನ್ ಸಂಸ್ಥೆಯ ಇಸಿಎಸ್ ಸೇವೆಯಲ್ಲಿ ಒಟ್ಟಿಗೆ ನಡೆಯುವ ಒಂದು ಅಥವಾ ಹೆಚ್ಚು ಕಂಟೇನರ್‌ಗಳನ್ನು ಟಾಸ್ಕ್ ಎಂದೂ, ಅದರ ವಿವರಗಳನ್ನು ದಾಖಲಿಸಿದ ಪತ್ರವನ್ನು ಟಾಸ್ಕ್ ಡೆಫಿನಿಷನ್ ಎಂದೂ ಕರೆಯಲಾಗುತ್ತದೆ. ಈ ಪುಟದಲ್ಲಿ ಅದನ್ನು ಕಾರ್ಯ ವಿವರಣಾ ಪತ್ರ ಎಂದು ಕರೆಯಲಾಗಿದೆ. 2017ರಲ್ಲಿ ಬಂದ ಫಾರ್ಗೇಟ್ ವ್ಯವಸ್ಥೆಯಲ್ಲಿ ಬಳಕೆದಾರರು ಸರ್ವರ್‌ಗಳನ್ನು ನಿರ್ವಹಿಸಬೇಕಾಗಿಲ್ಲ. ಕಾರ್ಯ ನಡೆದ ಅವಧಿಗೆ ಸೆಕೆಂಡುಗಳ ಲೆಕ್ಕದಲ್ಲಿ, ಕನಿಷ್ಠ ಒಂದು ನಿಮಿಷಕ್ಕೆ, ಶುಲ್ಕ ವಿಧಿಸಲಾಗುತ್ತದೆ.

3. ಕೋಡ್ ಮೂಲಕವೇ ಏಕೆ?

ಇದಕ್ಕೆ ಉತ್ತರವನ್ನು ಕರ್ನಾಟಕದ ಭೂಮಿ ಯೋಜನೆಯ ಅನುಭವದಿಂದಲೇ ತಿಳಿಯಬಹುದು. ಹಿಂದೆ ಪಹಣಿಯು ಗ್ರಾಮ ಲೆಕ್ಕಿಗರ ಸುಪರ್ದಿನಲ್ಲಿದ್ದ ಕೈಬರಹದ ದಾಖಲೆಯಾಗಿತ್ತು. ಯಾವ ನಮೂದನ್ನು ಯಾರು, ಯಾವಾಗ ತಿದ್ದಿದರೆಂದು ರೈತರು ಪರಿಶೀಲಿಸುವುದು ಕಷ್ಟವಿತ್ತು. 2000ದ ದಶಕದ ಆರಂಭದಲ್ಲಿ ಸುಮಾರು 67 ಲಕ್ಷ ರೈತರಿಗೆ ಸೇರಿದ 2 ಕೋಟಿಯಷ್ಟು ಭೂ ದಾಖಲೆಗಳನ್ನು ಗಣಕೀಕರಿಸಲಾಯಿತು. ಮ್ಯುಟೇಶನ್ ಕೋರಿಕೆಗಳನ್ನು ಬಂದ ಸರದಿಯಲ್ಲಿಯೇ ವಿಲೇವಾರಿ ಮಾಡುವ ಹಾಗೂ ತಿದ್ದುಪಡಿ ಮಾಡುವ ಅಧಿಕಾರಿಯು ಬೆರಳಚ್ಚು ನೀಡುವ ವ್ಯವಸ್ಥೆ ಜಾರಿಗೆ ಬಂದಿತು. ಕಾಗದ ಹೋಗಿ ಗಣಕಯಂತ್ರ ಬಂದದ್ದಷ್ಟೇ ಇದರ ಪ್ರಯೋಜನವಲ್ಲ. ಪ್ರತಿ ಬದಲಾವಣೆಗೂ ಒಬ್ಬ ಹೊಣೆಗಾರರು ಮತ್ತು ಒಂದು ದಿನಾಂಕ ಇರುವಂತಾಯಿತು.

ಕ್ಲೌಡ್ ಸೇವೆಯ ಪರದೆಯಲ್ಲಿ ಕೈಯಿಂದ ಮಾಡಿದ ಏರ್ಪಾಡು ಹಳೆಯ ಕೈಬರಹದ ಪಹಣಿಯನ್ನು ಹೋಲುತ್ತದೆ. ಮಾಡಿದವರು ವರ್ಗಾವಣೆಯಾದರೆ ಅಥವಾ ಗುತ್ತಿಗೆ ಅವಧಿ ಮುಗಿದರೆ, ಯಾವ ಆಯ್ಕೆಯನ್ನು ಏಕೆ ಮಾಡಲಾಗಿತ್ತು ಎಂಬುದು ಉಳಿದವರಿಗೆ ತಿಳಿಯುವುದಿಲ್ಲ. ಅದೇ ಏರ್ಪಾಡನ್ನು ಕಡತದಲ್ಲಿ ಬರೆದು ಆವೃತ್ತಿ ನಿಯಂತ್ರಣದಲ್ಲಿ ಇರಿಸಿದಲ್ಲಿ, ಪ್ರತಿ ಸಾಲಿನ ಬದಲಾವಣೆಯೂ ಟಿಪ್ಪಣಿ ಹಾಳೆಯಂತೆ ಉಳಿಯುತ್ತದೆ. ಇನ್ನೊಬ್ಬರು ಓದಿ ಅನುಮೋದಿಸಿದ ನಂತರವೇ ಜಾರಿಗೆ ತರಬಹುದು. ತಪ್ಪಾದಲ್ಲಿ ಹಿಂದಿನ ಆವೃತ್ತಿಗೆ ಮರಳಬಹುದು.

ಈ ಉದ್ದೇಶಕ್ಕೆ ಅಮೆಜಾನ್‌ನ ಕ್ಲೌಡ್‌ಫಾರ್ಮೇಶನ್ (2011), ಟೆರಾಫಾರ್ಮ್ (2014), ಅಮೆಜಾನ್‌ನ ಸಿಡಿಕೆ (2019) ಮೊದಲಾದ ಸಾಧನಗಳು ಬಳಕೆಯಲ್ಲಿವೆ. 2023ರಲ್ಲಿ ಟೆರಾಫಾರ್ಮ್‌ನ ಪರವಾನಗಿ ಬದಲಾದ ನಂತರ ಅದರಿಂದ ಕವಲೊಡೆದ ಓಪನ್‌ಟೋಫು ಎಂಬ ಮುಕ್ತ ತಂತ್ರಾಂಶವೂ ಲಭ್ಯವಿದೆ.

4. ಉದಾಹರಣೆ: ಚಿಕ್ಕಯ್ಯನಛತ್ರ ಹೋಬಳಿಯ ದೈನಿಕ ಮಳೆ

1988ರಲ್ಲಿ ಬರ ಉಸ್ತುವಾರಿ ಕೋಶವಾಗಿ ಆರಂಭವಾದ ಈಗಿನ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ದೂರಸಂವೇದಿ ಮಳೆಮಾಪಕಗಳನ್ನೂ ಹೋಬಳಿ ಮಟ್ಟದಲ್ಲಿ ಹವಾಮಾನ ಕೇಂದ್ರಗಳನ್ನೂ ಅಳವಡಿಸಿದೆ. ಮಳೆಮಾಪಕಗಳಿಂದ 15 ನಿಮಿಷಗಳಿಗೊಮ್ಮೆ ಮಾಹಿತಿ ದೊರೆಯುತ್ತದೆ. ಅಂದರೆ ಒಂದು ಮಾಪಕದಿಂದ ದಿನಕ್ಕೆ 96 ನಮೂದುಗಳು.

ಇಂತಹ ನಮೂದುಗಳನ್ನು ಓದಿ, ನಂಜನಗೂಡು ತಾಲ್ಲೂಕಿನ ಚಿಕ್ಕಯ್ಯನಛತ್ರ ಹೋಬಳಿಯ ದಿನದ ಮಳೆಯನ್ನು ಲೆಕ್ಕ ಹಾಕಿ ವರದಿಯನ್ನು ಉಳಿಸುವ ಒಂದು ಕಾರ್ಯವನ್ನು ಊಹಿಸಿಕೊಳ್ಳೋಣ. (ಇದು ವಿವರಣೆಗಾಗಿ ನೀಡಿದ ಕಾಲ್ಪನಿಕ ಕಾರ್ಯವಾಗಿದ್ದು, ಮೇಲ್ಕಂಡ ಕೇಂದ್ರದ ಆಂತರಿಕ ವ್ಯವಸ್ಥೆಯ ವಿವರಣೆಯಲ್ಲ.) ಕಾರ್ಯವು ಚಿಕ್ಕದು, ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ಆದರೆ ಅದರ ಪರಿಣಾಮ ಚಿಕ್ಕದಲ್ಲ. ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಪರಿಹಾರವು ಹವಾಮಾನದ ಅಂಕಿ ಅಂಶಗಳನ್ನೇ ಅವಲಂಬಿಸಿರುತ್ತದೆ. ಆದ್ದರಿಂದ ಒಂದು ದಿನದ ಮಳೆ ತಪ್ಪು ದಿನಾಂಕಕ್ಕೆ ಬಿದ್ದರೂ ರೈತರಿಗೆ ನಷ್ಟವಾಗುವ ಸಂಭವವಿದೆ.

5. ಕಾರ್ಯ ವಿವರಣಾ ಪತ್ರದಲ್ಲಿ ಇರಬೇಕಾದ ಅಂಶಗಳು

ಮೇಲ್ಕಂಡ ಕಾರ್ಯಕ್ಕೆ ಕೆಳಕಂಡ ವಿವರಗಳನ್ನು ಕೋಡ್‌ನಲ್ಲಿ ನಮೂದಿಸಬೇಕಾಗುತ್ತದೆ.

ಅ) ಹೆಸರು: ಪತ್ರಕ್ಕೆ ಫ್ಯಾಮಿಲಿ ಎಂಬ ಒಂದು ಹೆಸರಿರುತ್ತದೆ. ಪ್ರತಿ ಬಾರಿ ನೋಂದಾಯಿಸಿದಾಗ ಅದಕ್ಕೆ 1, 2, 3 ಎಂದು ಪರಿಷ್ಕರಣೆ ಸಂಖ್ಯೆ ದೊರೆಯುತ್ತದೆ. ನೋಂದಾಯಿಸಿದ ಪರಿಷ್ಕರಣೆಯನ್ನು ತಿದ್ದಲು ಬರುವುದಿಲ್ಲ, ಹೊಸದನ್ನೇ ಮಾಡಬೇಕು.

ಆ) ಇಮೇಜ್: ಯಾವ ಇಮೇಜ್ ಎಂಬುದನ್ನು ನಿರ್ದಿಷ್ಟ ಆವೃತ್ತಿಯೊಂದಿಗೆ ಬರೆಯಬೇಕು. 'ಲೇಟೆಸ್ಟ್' ಎಂಬ ಗುರುತನ್ನು ಬಳಸಿದಲ್ಲಿ, ಪತ್ರದಲ್ಲಿ ಒಂದಕ್ಷರವೂ ಬದಲಾಗದೆ ನಿನ್ನೆ ನಡೆದ ತಂತ್ರಾಂಶವೇ ಬೇರೆ, ಇಂದು ನಡೆದ ತಂತ್ರಾಂಶವೇ ಬೇರೆ ಆಗಬಹುದು. ಇಮೇಜ್‌ನ ಡೈಜೆಸ್ಟ್ ಸಂಖ್ಯೆಯನ್ನು ನಮೂದಿಸುವುದು ಅತ್ಯಂತ ಖಚಿತವಾದ ಕ್ರಮ.

ಇ) ಸಂಸ್ಕರಣಾ ಶಕ್ತಿ ಮತ್ತು ಸ್ಮೃತಿ: 1024 ಘಟಕಗಳೆಂದರೆ ಒಂದು ವರ್ಚುವಲ್ ಸಿಪಿಯು. ಫಾರ್ಗೇಟ್‌ನಲ್ಲಿ ಮನಸ್ಸಿಗೆ ಬಂದ ಜೋಡಣೆಗೆ ಅವಕಾಶವಿಲ್ಲ. 256 ಘಟಕಗಳಿಗೆ 0.5, 1 ಅಥವಾ 2 ಜಿಬಿ. 512 ಘಟಕಗಳಿಗೆ 1ರಿಂದ 4 ಜಿಬಿ. 1024 ಘಟಕಗಳಿಗೆ 2ರಿಂದ 8 ಜಿಬಿ ಸ್ಮೃತಿಯನ್ನು ಪಡೆಯಬಹುದು. ಒಂದು ಹೋಬಳಿಯ ಲೆಕ್ಕಕ್ಕೆ ಅತ್ಯಂತ ಚಿಕ್ಕ ಜೋಡಣೆಯೇ ಸಾಕಾಗಬಹುದು. ಸ್ಮೃತಿ ಸಾಲದೆ ಹೋದಲ್ಲಿ ಕಂಟೇನರ್ ಅರ್ಧದಲ್ಲಿಯೇ ನಿಲ್ಲುತ್ತದೆ. ಆಗ ಸಾಮಾನ್ಯವಾಗಿ 137 ಎಂಬ ನಿರ್ಗಮನ ಸಂಖ್ಯೆ ಕಂಡುಬರುತ್ತದೆ.

ಈ) ಪರಿಸರ ಮೌಲ್ಯಗಳು: ಹೋಬಳಿಯ ಸಂಕೇತ, ವರದಿ ಉಳಿಸುವ ಸ್ಥಳ ಮೊದಲಾದವುಗಳನ್ನು ಇಮೇಜ್‌ನ ಒಳಗೆ ಬರೆಯದೆ ಪತ್ರದಲ್ಲಿ ನೀಡಬೇಕು. ಇದರಿಂದ ಅದೇ ಇಮೇಜನ್ನು ಹುಲ್ಲಹಳ್ಳಿ ಅಥವಾ ಬಿಳಿಗೆರೆ ಹೋಬಳಿಗೂ ಬಳಸಬಹುದು.

ಉ) ಗೋಪ್ಯ ಮಾಹಿತಿ: ದತ್ತ ಸಂಚಯದ ಗುಪ್ತಪದವನ್ನು ಪತ್ರದಲ್ಲಾಗಲಿ ಕೋಡ್‌ನಲ್ಲಾಗಲಿ ಬರೆಯಕೂಡದು. ಅದನ್ನು ಸೀಕ್ರೆಟ್ಸ್ ಮ್ಯಾನೇಜರ್‌ನಂತಹ ಭಂಡಾರದಲ್ಲಿಟ್ಟು ಪತ್ರದಲ್ಲಿ ಅದರ ವಿಳಾಸವನ್ನಷ್ಟೇ ನೀಡಬೇಕು. ಹೀಗೆ ನೀಡಿದ ಮೌಲ್ಯವನ್ನು ಕಂಟೇನರ್ ಆರಂಭವಾಗುವಾಗ ಮಾತ್ರ ಓದಲಾಗುತ್ತದೆ. ಗುಪ್ತಪದ ಬದಲಾದರೆ ಹೊಸದಾಗಿ ಆರಂಭವಾಗುವ ಟಾಸ್ಕ್‌ಗಳಿಗೆ ಮಾತ್ರ ಅದು ಅನ್ವಯಿಸುತ್ತದೆ.

ಊ) ಜಾಲ: ಫಾರ್ಗೇಟ್‌ನಲ್ಲಿ ಪ್ರತಿ ಟಾಸ್ಕ್‌ಗೂ ಪ್ರತ್ಯೇಕ ಜಾಲ ವಿಳಾಸವಿರುತ್ತದೆ. ಖಾಸಗಿ ಉಪಜಾಲದಲ್ಲಿ ಇರಿಸಿದಾಗ ಇಮೇಜ್ ಭಂಡಾರವನ್ನು ತಲುಪಲು ದಾರಿಯನ್ನೂ ಕಲ್ಪಿಸಬೇಕು. ಇಲ್ಲವಾದಲ್ಲಿ ಇಮೇಜ್ ದೊರೆಯದೆ ಕಾರ್ಯವು ಆರಂಭವಾಗುವುದೇ ಇಲ್ಲ.

ಋ) ದಿನಚರಿ ದಾಖಲೆ: ಕಂಟೇನರ್‌ನ ಸಂದೇಶಗಳನ್ನು ಕ್ಲೌಡ್‌ವಾಚ್‌ನಂತಹ ಸೇವೆಗೆ ಕಳುಹಿಸುವಂತೆ ಸೂಚಿಸಬೇಕು. ಭಾರತೀಯ ಗಣಕ ತುರ್ತು ಸ್ಪಂದನಾ ತಂಡವಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನಗಳ ಪ್ರಕಾರ ಗಣಕ ವ್ಯವಸ್ಥೆಗಳ ದಿನಚರಿ ದಾಖಲೆಗಳನ್ನು 180 ದಿನಗಳ ಅವಧಿಗೆ ಕಾಯ್ದಿರಿಸಬೇಕಿದೆ. ಈ ಅವಧಿಯನ್ನೂ ಕೋಡ್‌ನಲ್ಲಿಯೇ ನಮೂದಿಸುವುದು ಸೂಕ್ತ.

6. ಎರಡು ಬಗೆಯ ಅನುಮತಿಗಳು

ಪತ್ರದಲ್ಲಿ ಎರಡು ಪಾತ್ರಗಳನ್ನು ನಮೂದಿಸಲಾಗುತ್ತದೆ. ಇವೆರಡನ್ನೂ ಒಂದೇ ಎಂದು ಭಾವಿಸುವುದು ಸಾಮಾನ್ಯ ತಪ್ಪು.

ಮೊದಲನೆಯದು ನಿರ್ವಹಣಾ ಪಾತ್ರ. ಇಮೇಜ್ ತರಲು, ಗೋಪ್ಯ ಮಾಹಿತಿ ಓದಿ ಒಳಗೆ ನೀಡಲು ಹಾಗೂ ದಿನಚರಿ ಬರೆಯಲು ಕ್ಲೌಡ್ ಸೇವೆಯೇ ಇದನ್ನು ಬಳಸುತ್ತದೆ. ಎರಡನೆಯದು ಕಾರ್ಯದ ಪಾತ್ರ. ಕಂಟೇನರ್‌ನ ಒಳಗಿನ ತಂತ್ರಾಂಶವು ತನ್ನ ಕೆಲಸಕ್ಕಾಗಿ ಇದನ್ನು ಬಳಸುತ್ತದೆ. ನಮ್ಮ ಉದಾಹರಣೆಯಲ್ಲಿ ಕಾರ್ಯದ ಪಾತ್ರಕ್ಕೆ ಮಳೆ ನಮೂದುಗಳನ್ನು ಓದುವ ಮತ್ತು ವರದಿಯ ಸ್ಥಳದಲ್ಲಿ ಬರೆಯುವ ಅನುಮತಿ ಸಾಕು. ಮೂಲ ನಮೂದುಗಳನ್ನು ಅಳಿಸುವ ಅಥವಾ ತಿದ್ದುವ ಅನುಮತಿ ಇರಕೂಡದು. ಹೀಗಿದ್ದಲ್ಲಿ ತಂತ್ರಾಂಶದಲ್ಲಿ ದೋಷವಿದ್ದರೂ ಮೂಲ ದಾಖಲೆ ಸುರಕ್ಷಿತವಾಗಿರುತ್ತದೆ. ವರದಿಯನ್ನು ಮತ್ತೆ ತಯಾರಿಸಬಹುದು.

7. ವೇಳಾಪಟ್ಟಿ ಮತ್ತು ಕಾಲಮಾನ

ಈ ಅಂಶಕ್ಕೆ ವಿಶೇಷ ಗಮನ ಅವಶ್ಯ. ಭಾರತದಲ್ಲಿ ಮಳೆಯ ದಿನವನ್ನು ಬೆಳಿಗ್ಗೆ 8.30ರಿಂದ ಮರುದಿನ ಬೆಳಿಗ್ಗೆ 8.30ರವರೆಗೆ ಎಂದು ಪರಿಗಣಿಸಲಾಗುತ್ತದೆ. ಇದು ಸಾರ್ವತ್ರಿಕ ಕಾಲಮಾನದಲ್ಲಿ 3.00 ಗಂಟೆಗೆ ಸಮ. ಭಾರತೀಯ ಕಾಲಮಾನವು ಸಾರ್ವತ್ರಿಕ ಕಾಲಮಾನಕ್ಕಿಂತ 5 ಗಂಟೆ 30 ನಿಮಿಷ ಮುಂದಿರುವುದೇ ಇದಕ್ಕೆ ಕಾರಣ.

ಬೆಳಿಗ್ಗೆ 8.45ಕ್ಕೆ ಕಾರ್ಯ ನಡೆಯಬೇಕೆಂದು ಬರೆದು, ಕಾಲಮಾನವನ್ನು ಸೂಚಿಸದೆ ಬಿಟ್ಟಲ್ಲಿ ಅದು ಸಾರ್ವತ್ರಿಕ ಕಾಲಮಾನವೆಂದು ಗ್ರಹಿಸಲ್ಪಟ್ಟು ಮಧ್ಯಾಹ್ನ 2.15ಕ್ಕೆ ನಡೆಯುತ್ತದೆ. ಇದು ವಿಳಂಬ ಮಾತ್ರ, ಬೇಗ ಪತ್ತೆಯಾಗುತ್ತದೆ. ಕಂಟೇನರ್‌ನ ಒಳಗೆ ಆಗುವ ತಪ್ಪು ಇದಕ್ಕಿಂತ ಗಂಭೀರ. ಕಂಟೇನರ್‌ನ ಗಡಿಯಾರವೂ ಸಾಮಾನ್ಯವಾಗಿ ಸಾರ್ವತ್ರಿಕ ಕಾಲಮಾನದಲ್ಲಿರುತ್ತದೆ. ತಂತ್ರಾಂಶವು ಆ ಗಡಿಯಾರದ ಮಧ್ಯರಾತ್ರಿಯನ್ನು ದಿನದ ಆರಂಭವೆಂದು ತಿಳಿದಲ್ಲಿ, ನಮ್ಮ ಬೆಳಗಿನ 5.30ಕ್ಕೆ ದಿನ ಬದಲಾಗುತ್ತದೆ. ಆಗ 5.30ರಿಂದ 8.30ರವರೆಗೆ ಸುರಿದ ಮಳೆ ಮರುದಿನದ ಲೆಕ್ಕಕ್ಕೆ ಸೇರುತ್ತದೆ.

2.5 ಮಿ.ಮೀ. ಅಥವಾ ಹೆಚ್ಚು ಮಳೆಯಾದ ದಿನವನ್ನು ಹವಾಮಾನ ಇಲಾಖೆಯು ಮಳೆ ದಿನ ಎಂದು ಪರಿಗಣಿಸುತ್ತದೆ. ಬೆಳಗಿನ 5.30ಕ್ಕೆ ಮೊದಲು 2 ಮಿ.ಮೀ., ನಂತರ 8.30ರೊಳಗೆ 2 ಮಿ.ಮೀ. ಸುರಿದಿದ್ದಲ್ಲಿ ಸರಿಯಾದ ಲೆಕ್ಕದಲ್ಲಿ ಅದು 4 ಮಿ.ಮೀ.ನ ಒಂದು ಮಳೆ ದಿನ. ತಪ್ಪು ಲೆಕ್ಕದಲ್ಲಿ ಎರಡು ದಿನಗಳಿಗೆ ಹಂಚಿಹೋಗಿ, ಬೇರೆ ಮಳೆ ಬಾರದಿದ್ದಲ್ಲಿ, ಎರಡೂ ಮಳೆ ದಿನಗಳಲ್ಲವೆಂದು ದಾಖಲಾಗುತ್ತದೆ. ತಿಂಗಳ ಒಟ್ಟು ಮೊತ್ತ ಬಹುತೇಕ ಸರಿಯಾಗಿಯೇ ಇರುವುದರಿಂದ ಈ ದೋಷವು ಸುಲಭವಾಗಿ ಗಮನಕ್ಕೆ ಬರುವುದಿಲ್ಲ.

ಆದುದರಿಂದ ವೇಳಾಪಟ್ಟಿಯಲ್ಲಿ ಏಷ್ಯಾ/ಕೋಲ್ಕತ್ತಾ ಎಂಬ ಕಾಲವಲಯವನ್ನು ಸ್ಪಷ್ಟವಾಗಿ ಬರೆಯಬೇಕು. 2022ರಲ್ಲಿ ಬಂದ ಅಮೆಜಾನ್‌ನ ಈವೆಂಟ್‌ಬ್ರಿಡ್ಜ್ ಶೆಡ್ಯೂಲರ್ ಸೇವೆಯಲ್ಲಿ ಇದಕ್ಕೆ ಅವಕಾಶವಿದೆ. ಮಳೆ ದಿನ ಆರಂಭವಾಗುವ ವೇಳೆಯನ್ನು ಪರಿಸರ ಮೌಲ್ಯವಾಗಿ ಪತ್ರದಲ್ಲಿಯೇ ನೀಡಿದರೆ, ಪರಿಶೀಲಿಸುವವರಿಗೆ ಅದು ಎದುರಿಗೇ ಕಾಣುತ್ತದೆ.

8. ಬದಲಾವಣೆ ಮಾಡುವ ಕ್ರಮ

1) ಕಡತದಲ್ಲಿ ತಿದ್ದುಪಡಿ ಮಾಡಿ, ಕಾರಣವನ್ನು ಒಂದು ಸಾಲಿನಲ್ಲಿ ದಾಖಲಿಸುವುದು.
2) ಟೆರಾಫಾರ್ಮ್‌ನ ಪ್ಲಾನ್ ಆಜ್ಞೆಯ ಮೂಲಕ, ಏನು ಸೇರುತ್ತದೆ, ಏನು ಬದಲಾಗುತ್ತದೆ, ಏನು ಅಳಿಸಿಹೋಗುತ್ತದೆ ಎಂಬ ಪಟ್ಟಿಯನ್ನು ಪಡೆಯುವುದು.
3) ತಿದ್ದುಪಡಿ ಮಾಡದ ಇನ್ನೊಬ್ಬರು ಸದರಿ ಪಟ್ಟಿಯನ್ನು ಓದಿ ಅನುಮೋದಿಸುವುದು.
4) ಪರೀಕ್ಷಾ ವ್ಯವಸ್ಥೆಯಲ್ಲಿ ಹಿಂದಿನ ಒಂದು ದಿನದ ನಮೂದುಗಳಿಂದ ಕಾರ್ಯ ನಡೆಸಿ, ಫಲಿತಾಂಶವನ್ನು ತಾಳೆ ನೋಡುವುದು.
5) ಅಪ್ಲೈ ಆಜ್ಞೆಯಿಂದ ಜಾರಿಗೊಳಿಸುವುದು.

ತುರ್ತು ಸಂದರ್ಭದಲ್ಲಿ ಪರದೆಯ ಮೇಲೆ ನೇರವಾಗಿ ಬದಲಾವಣೆ ಮಾಡಿದ್ದಲ್ಲಿ ಅದನ್ನು ಅದೇ ದಿನ ಕಡತಕ್ಕೂ ಸೇರಿಸಬೇಕು. ಇಲ್ಲವಾದಲ್ಲಿ ಮುಂದಿನ ಜಾರಿಯಲ್ಲಿ ಅದು ಅಳಿಸಿಹೋಗಬಹುದು. ಟೆರಾಫಾರ್ಮ್‌ನ ಸ್ಥಿತಿ ಕಡತದಲ್ಲಿ ಗೋಪ್ಯ ಮೌಲ್ಯಗಳು ಬರಿಗಣ್ಣಿಗೆ ಓದುವಂತೆ ಉಳಿಯುವ ಸಾಧ್ಯತೆ ಇರುವುದರಿಂದ ಅದನ್ನು ಗೂಢಲಿಪೀಕರಿಸಿ, ನಿರ್ಬಂಧಿತ ಸ್ಥಳದಲ್ಲಿ ಇರಿಸತಕ್ಕದ್ದು.

9. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಕಾರ್ಯವು ವಿಫಲವಾದಲ್ಲಿ ವೇಳಾಪಟ್ಟಿ ಸೇವೆಯು ಅದನ್ನು ಮತ್ತೆ ನಡೆಸುತ್ತದೆಯೇ?
ಉತ್ತರ: ಇಲ್ಲ. ಕಾರ್ಯವನ್ನು ಆರಂಭಿಸುವ ಕೋರಿಕೆ ವಿಫಲವಾದಾಗ ಮಾತ್ರ ಅದು ಮತ್ತೆ ಪ್ರಯತ್ನಿಸುತ್ತದೆ. ಆರಂಭವಾದ ಕಂಟೇನರ್ ದೋಷದಿಂದ ನಿಂತರೆ ಅದರ ದೃಷ್ಟಿಯಲ್ಲಿ ಕೆಲಸ ಮುಗಿದಂತೆ. ಆದ್ದರಿಂದ ನಿರ್ಗಮನ ಸಂಖ್ಯೆ ಸೊನ್ನೆಯಲ್ಲದಿದ್ದಲ್ಲಿ ಎಚ್ಚರಿಕೆ ಸಂದೇಶ ಬರುವಂತೆ ಪ್ರತ್ಯೇಕ ಏರ್ಪಾಡನ್ನು ಕೋಡ್‌ನಲ್ಲಿ ಸೇರಿಸಬೇಕು.

ಪ್ರಶ್ನೆ: ಒಂದೇ ಕಾರ್ಯ ಎರಡು ಬಾರಿ ನಡೆದರೆ ಮಳೆ ಇಮ್ಮಡಿಯಾಗುವುದೇ?
ಉತ್ತರ: ಸದರಿ ಸೇವೆಯು ಕನಿಷ್ಠ ಒಂದು ಬಾರಿ ನಡೆಸುವ ಭರವಸೆ ನೀಡುತ್ತದೆ, ಅಪರೂಪಕ್ಕೆ ಎರಡು ಬಾರಿ ನಡೆಯಬಹುದು. ಹಳೆಯ ಮೊತ್ತಕ್ಕೆ ಹೊಸದನ್ನು ಕೂಡಿಸದೆ, ಆ ದಿನಾಂಕದ ವರದಿಯನ್ನು ಪೂರ್ಣವಾಗಿ ಮರುಬರೆಯುವಂತೆ ತಂತ್ರಾಂಶವನ್ನು ರಚಿಸಿದಲ್ಲಿ ತೊಂದರೆಯಾಗುವುದಿಲ್ಲ.

ಪ್ರಶ್ನೆ: ದತ್ತಾಂಶವು ಭಾರತದಲ್ಲಿಯೇ ಇರುವಂತೆ ಮಾಡಬಹುದೇ?
ಉತ್ತರ: ಮಾಡಬಹುದು. ಅಮೆಜಾನ್ ಸಂಸ್ಥೆಯ ಮುಂಬೈ ವಲಯವು 2016ರಲ್ಲಿ ಮತ್ತು ಹೈದರಾಬಾದ್ ವಲಯವು 2022ರಲ್ಲಿ ಆರಂಭವಾಗಿವೆ. ವಲಯದ ಹೆಸರನ್ನು ಕೋಡ್‌ನಲ್ಲಿ ನಮೂದಿಸಬೇಕು. ಸರ್ಕಾರಿ ಕಾರ್ಯಗಳಿಗೆ ಮೇಘರಾಜ್ ಉಪಕ್ರಮದಡಿ ಕೇಂದ್ರ ಸರ್ಕಾರವು ಪಟ್ಟಿ ಮಾಡಿರುವ ಸೇವಾದಾರರನ್ನು ಪರಿಶೀಲಿಸತಕ್ಕದ್ದು.

ಪ್ರಶ್ನೆ: ಬೇರೆ ಸಂಸ್ಥೆಯ ಕ್ಲೌಡ್ ಬಳಸಿದರೆ ಈ ವಿವರಗಳು ಅನ್ವಯಿಸುತ್ತವೆಯೇ?
ಉತ್ತರ: ಹೆಸರುಗಳು ಬೇರೆಯಾಗುತ್ತವೆ, ಅಂಶಗಳು ಅವೇ. ಕುಬರ್ನೆಟಿಸ್‌ನ ಕ್ರಾನ್‌ಜಾಬ್‌ನಲ್ಲಿಯೂ ಗೂಗಲ್‌ನ ಕ್ಲೌಡ್ ರನ್ ಜಾಬ್ಸ್‌ನಲ್ಲಿಯೂ ಇಮೇಜ್, ಸ್ಮೃತಿ, ಗೋಪ್ಯ ಮಾಹಿತಿ, ಅನುಮತಿ ಹಾಗೂ ವೇಳೆಯನ್ನು ನಿಗದಿಪಡಿಸಲೇಬೇಕು.

10. ಜಾರಿಗೆ ಮುನ್ನ ಪರಿಶೀಲಿಸಬೇಕಾದ ಅಂಶಗಳು

- ಇಮೇಜ್‌ನ ಆವೃತ್ತಿ ನಿರ್ದಿಷ್ಟವಾಗಿದೆಯೇ?
- ಕೋಡ್‌ನಲ್ಲಿ ಎಲ್ಲಿಯೂ ಗುಪ್ತಪದ ಇಲ್ಲವೆಂದು ಖಚಿತಪಡಿಸಿಕೊಳ್ಳಲಾಗಿದೆಯೇ?
- ಕಾರ್ಯದ ಪಾತ್ರಕ್ಕೆ ಅವಶ್ಯಕತೆಗಿಂತ ಹೆಚ್ಚಿನ ಅನುಮತಿ ನೀಡಲಾಗಿದೆಯೇ?
- ಕಾಲವಲಯ ಮತ್ತು ದಿನದ ಆರಂಭವನ್ನು ಬರೆಯಲಾಗಿದೆಯೇ?
- ದಿನಚರಿ ದಾಖಲೆಯ ಅವಧಿ 180 ದಿನಗಳಿಗೆ ಕಡಿಮೆಯಿಲ್ಲವೇ?
- ವಿಫಲವಾದಲ್ಲಿ ಸಂದೇಶ ಯಾರಿಗೆ ಹೋಗುತ್ತದೆ? ಅವರು ವರ್ಗಾವಣೆಯಾದಲ್ಲಿ ಯಾರಿಗೆ?
- ತಿದ್ದುಪಡಿಯನ್ನು ಎರಡನೆಯ ವ್ಯಕ್ತಿ ಓದಿದ್ದಾರೆಯೇ?

ಮೇಲ್ಕಂಡ ಪ್ರಶ್ನೆಗಳಿಗೆ ಉತ್ತರವು ಕಡತದಲ್ಲಿಯೇ ದೊರೆಯುವಂತಿದ್ದಲ್ಲಿ, ಹೊಸದಾಗಿ ಬಂದ ಸಿಬ್ಬಂದಿಯೂ ಮೊದಲ ದಿನದಿಂದಲೇ ಕಾರ್ಯವನ್ನು ನಿರ್ವಹಿಸಬಹುದು. ತಮ್ಮ ಹೋಬಳಿಯ ಮಳೆಯ ಅಂಕಿಯನ್ನು ರೈತರು ಪ್ರಶ್ನಿಸಿದಾಗ, ಆ ಅಂಕಿಯು ಯಾವ ತಂತ್ರಾಂಶದಿಂದ, ಯಾವ ನಿಯಮದಂತೆ, ಯಾರ ಅನುಮೋದನೆಯೊಂದಿಗೆ ಬಂದಿತೆಂದು ದಾಖಲೆ ಸಹಿತ ಉತ್ತರಿಸಲೂ ಸಾಧ್ಯವಾಗುತ್ತದೆ.