ಹದಿನಾರಿಂಚಿನ ಟೈರು ಹುಡುಕುತ್ತಾ

ನಮ್ಮ ಮನೆಯ ಜಾವಾ ಮೋಟರ್‌ಸೈಕಲ್ಲಿಗೆ ಒಂದು ಜೊತೆ ಟೈರು ಹುಡುಕಲು ಹೊರಟು ಎರಡು ವರ್ಷವಾಯಿತು. ಗಾಡಿ 1969ರದು. ನಂಬರ್ ಪ್ಲೇಟು ಇನ್ನೂ ‘ಎಂವೈ’ ಎಂದೇ ಶುರುವಾಗುತ್ತದೆ, ಮೈಸೂರು ರಾಜ್ಯವಿದ್ದ ಕಾಲದ ಅಕ್ಷರಗಳು. ಅದು ತಯಾರಾದದ್ದು ಮೈಸೂರಿನ ಯಾದವಗಿರಿಯಲ್ಲಿ. ಈಗ ನಿಂತಿರುವುದು ಪಕ್ಕದ ಒಂಟಿಕೊಪ್ಪಲಿನಲ್ಲಿ, ನಮ್ಮ ಗೇಟಿನ ಒಳಗೆ. ಅಪ್ಪ ನೌಕರಿಯನ್ನೆಲ್ಲ ಅದರ ಮೇಲೇ ಓಡಾಡಿ ಮುಗಿಸಿದರು. ಅವರು ಹೋದ ಮೇಲೆ ಗಾಡಿ ನನ್ನ ಪಾಲಿಗೆ ಬಂತು. ಹುಟ್ಟಿದ ಊರಿನಲ್ಲೇ ಇದ್ದೂ ಅದಕ್ಕೆ ಟೈರಿಲ್ಲ ಎಂಬುದು ನನಗೆ ತಿಳಿದದ್ದು ಆಗಲೇ.

ಟೈರಿನ ಅಂಗಡಿಗೆ ಹೋಗಿ ‘3.25-16 ಇದೆಯಾ?’ ಎಂದು ಕೇಳಿದರೆ ಕೌಂಟರಿನ ಹುಡುಗ ಕಂಪ್ಯೂಟರ್ ನೋಡುತ್ತಾನೆ, ಆಮೇಲೆ ನನ್ನ ಮುಖ ನೋಡುತ್ತಾನೆ. ‘ಯಾವ ಗಾಡಿಗೆ ಸಾರ್?’ ‘ಜಾವಾಗೆ.’ ‘ಹೊಸದಕ್ಕಾ?’ ಅಲ್ಲ ಎಂದ ಕೂಡಲೇ ‘ಆ ಸೈಜು ಬರಲ್ಲ ಸಾರ್’ ಎಂಬ ಉತ್ತರ. ಅವನ ತಪ್ಪೇನೂ ಇಲ್ಲ. 3.25 ಎಂದರೆ ಟೈರಿನ ಅಗಲ, 16 ಎಂದರೆ ರಿಮ್ಮಿನ ಅಡ್ಡಳತೆ, ಎರಡೂ ಇಂಚಿನಲ್ಲಿ. ಆ ಅಗಲ ಬೇಕಿದ್ದರೆ ಬುಲೆಟ್ಟಿನ 3.25-19 ಇದೆ. ಆ ಅಡ್ಡಳತೆ ಬೇಕಿದ್ದರೆ ಟಿವಿಎಸ್ ಎಕ್ಸ್‌ಎಲ್‌ನ 2.50-16 ಇದೆ. ಒಂದು ರಿಮ್ಮಿಗೆ ಕೂರುವುದಿಲ್ಲ, ಇನ್ನೊಂದು ಕೂತರೂ ಇಬ್ಬರನ್ನು ಹೊರುವ ಗಾಡಿಯ ಭಾರ ತಡೆಯುವುದಿಲ್ಲ. ಎರಡೂ ಸೇರಿದ ಟೈರು ಮಾಡಬೇಕಾದರೆ ಅದಕ್ಕೆಂದೇ ಅಚ್ಚು ಬೇಕು. ಒಂದು ಅಳತೆಗೆ ಒಂದು ಅಚ್ಚು. ಕೊಳ್ಳುವವರು ಕಡಿಮೆಯಾದರೆ ಕಂಪನಿಯವರು ಆ ಅಚ್ಚನ್ನು ಪ್ರೆಸ್ಸಿನಿಂದ ಇಳಿಸಿಬಿಡುತ್ತಾರೆ.

ಅದರಲ್ಲೂ ಮೈಸೂರು ಟೈರಿನ ಊರು. ಕೆಆರ್‌ಎಸ್ ರಸ್ತೆಯ ವಿಕ್ರಾಂತ್ ಟೈರ್ಸ್ ಹೆಸರು ಕೇಳದ ಮೈಸೂರಿನವರಿಲ್ಲ. 1997ರಲ್ಲಿ ಅದು ಜೆಕೆ ಟೈರ್ ಕೈಗೆ ಹೋಯಿತು, ಇವತ್ತಿಗೂ ಅಲ್ಲಿ ಟೈರು ತಯಾರಾಗುತ್ತಿದೆ. ಮೋಟರ್‌ಸೈಕಲ್ಲೂ ಟೈರೂ ಒಂದೇ ಊರಿನ ಒಂದೇ ದಿಕ್ಕಿನಲ್ಲಿ ತಯಾರಾಗುತ್ತಿದ್ದ ಕಾಲವೊಂದಿತ್ತು. ವಿಕ್ರಾಂತ್‌ಗೆ ಹೆಸರು ತಂದದ್ದು ಲಾರಿ, ಬಸ್ಸಿನ ಟೈರು. ಆದರೂ ಆ ಗೇಟಿನ ಮುಂದೆ ಬೋಳು ಟೈರಿನ ಜಾವಾ ಓಡಿಸಿಕೊಂಡು ಹೋಗುವಾಗ ಮನಸ್ಸಿಗೆ ಏನೋ ಆಗುತ್ತದೆ.

ಹೊಸ ತಲೆಮಾರಿನವರಿಗಾಗಿ ಸ್ವಲ್ಪ ಹಿಂದಿನ ಕಥೆ. ಜಾವಾ ಮೂಲತಃ ಜೆಕ್ ನಾಡಿನ ಗಾಡಿ. 1929ರಲ್ಲಿ ಪ್ರಾಗ್‌ನ ಯಾನೆಚೆಕ್ ಎಂಬ ಉದ್ಯಮಿ ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟರ್‌ಸೈಕಲ್ ವಿನ್ಯಾಸ ಕೊಂಡು, ಎರಡೂ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಇಟ್ಟ ಹೆಸರು ಅದು. ಇರಾನಿ ಮನೆತನದ ಪಾರಸಿಗಳು ಅದರ ಲೈಸೆನ್ಸ್ ಪಡೆದು ಮೈಸೂರಿನಲ್ಲಿ ಐಡಿಯಲ್ ಜಾವಾ ಕಟ್ಟಿದರು. 1961ರಲ್ಲಿ ಕಾರ್ಖಾನೆಯನ್ನು ಉದ್ಘಾಟಿಸಿದವರು ಆಗ ಮೈಸೂರಿನ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರ್. 1970ರ ದಶಕದಲ್ಲಿ ಲೈಸೆನ್ಸಿನ ಕಾಲ ಮುಗಿದು ಹೆಸರು ಯೆಜ್ಡಿ ಆಯಿತು, ಆಮೇಲೆ ರೋಡ್‌ಕಿಂಗ್ ಬಂತು, 350ರ ಎರಡು ಸಿಲಿಂಡರಿನ ಗಾಡಿಯೂ ಬಂತು. ಪೆಟ್ರೋಲ್ ಕಡಿಮೆ ಕುಡಿಯುವ ನೂರು ಸಿಸಿಯ ಫೋರ್ ಸ್ಟ್ರೋಕ್ ಗಾಡಿಗಳ ಮುಂದೆ, ಬಿಗಿಯಾಗುತ್ತಾ ಬಂದ ಹೊಗೆ ನಿಯಮಗಳ ಮುಂದೆ ಟೂ ಸ್ಟ್ರೋಕ್ ನಿಲ್ಲಲಿಲ್ಲ. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಎಷ್ಟೋ ಮನೆಗಳ ಸಂಬಳ ನಿಂತಿತು. ಒಳಗೆ ಕೆಲಸ ಕಲಿತವರಲ್ಲಿ ಕೆಲವರು ಹೊರಗೆ ಬಂದು ತಮ್ಮದೇ ಗ್ಯಾರೇಜು ಇಟ್ಟುಕೊಂಡರು.

ನಾನು ಪರಿಚಯಿಸಬೇಕೆಂದಿರುವುದು ಈ ಗ್ಯಾರೇಜುಗಳ ವಿದ್ಯೆಯನ್ನು. ಕಂಪನಿ ಮುಚ್ಚಿ ಮೂವತ್ತು ವರ್ಷವಾಗುತ್ತಾ ಬಂದರೂ ಈ ಊರಿನಲ್ಲಿ ಜಾವಾದ ಡುಗುಡುಗು ನಿಂತಿಲ್ಲ ಎಂದರೆ ಅದಕ್ಕೆ ಕಾರಣ ಇವರು.

ನಾನು ಹೋಗುವ ಗ್ಯಾರೇಜಿಗೆ ಬೋರ್ಡಿಲ್ಲ. ಗಲ್ಲಿಯ ಬಾಯಲ್ಲಿ ನಿಂತರೆ ಟೂ ಸ್ಟ್ರೋಕ್ ಹೊಗೆಯ ವಾಸನೆಯೇ ದಾರಿ ತೋರಿಸುತ್ತದೆ. ಯಜಮಾನರಿಗೆ ಎಪ್ಪತ್ತು ದಾಟಿದೆ. ಗಾಡಿ ಗಲ್ಲಿಗೆ ತಿರುಗುವಷ್ಟರಲ್ಲಿ ಸದ್ದು ಕೇಳಿಯೇ ‘ಪಾಯಿಂಟ್ ಹೋಗಿದೆ’ ಅಂತಲೋ ‘ಬಲಗಡೆ ಸೈಲೆನ್ಸರ್ ಕಟ್ಟಿಕೊಂಡಿದೆ’ ಅಂತಲೋ ಹೇಳಿಬಿಡುತ್ತಾರೆ. ಜಾವಾಕ್ಕೆ ಸಿಲಿಂಡರು ಒಂದೇ, ಆದರೆ ಹೊಗೆ ಹೋಗುವ ಬಾಯಿ ಎರಡು, ಎಡಕ್ಕೊಂದು ಬಲಕ್ಕೊಂದು ಸೈಲೆನ್ಸರ್. ಒಂದು ಕಡೆ ಮಸಿ ಕಟ್ಟಿದರೆ ಇನ್ನೊಂದರ ಸದ್ದು ಎದ್ದು ಕೇಳುತ್ತದೆ.

ಬಿಡಿಭಾಗಗಳಿಗೆ ಅವರಲ್ಲಿ ಮೂರು ಜಾತಿ. ಮೊದಲನೆಯದು ‘ಕಂಪನಿ ಮಾಲು’, ಕಾರ್ಖಾನೆ ಇದ್ದಾಗ ತಯಾರಾಗಿ, ಯಾವುದೋ ಹಳೆಯ ಡೀಲರ್ ಗೋಡೌನಿನಲ್ಲಿ ಗ್ರೀಸು ಮೆತ್ತಿಕೊಂಡು ಹಾಗೇ ಉಳಿದದ್ದು. ಎರಡನೆಯದು ‘ಬಿಚ್ಚಿದ ಮಾಲು’, ಕೆಟ್ಟು ನಿಂತ ಗಾಡಿಯಿಂದ ತೆಗೆದದ್ದು. ಮೂರನೆಯದು ‘ಲೋಕಲ್’, ದಿಲ್ಲಿಯ ಕರೋಲ್ ಬಾಗ್ ಕಡೆಯಿಂದಲೋ ಮತ್ತೆಲ್ಲಿಂದಲೋ ಬರುವ ಹೊಸ ನಕಲು. ಕಂಪನಿ ಮಾಲು ಸಿಕ್ಕರೆ ಹಬ್ಬ. ಸಿಗದಿದ್ದರೆ ಬಿಚ್ಚಿದ್ದು. ಲೋಕಲ್ ಗೇರನ್ನು ಯಜಮಾನರು ಮುಟ್ಟುವುದಿಲ್ಲ. ‘ಫಳಫಳ ಅಂತದೆ ಸಾರ್, ಒಳಗೆ ಹದ ಇಲ್ಲ, ಹಲ್ಲು ಆರು ತಿಂಗಳಿಗೆ ಸವೀತದೆ’ ಎನ್ನುತ್ತಾರೆ. ಕೇಬಲ್ಲು, ಹ್ಯಾಂಡಲ್ ಗ್ರಿಪ್ಪು, ರಬ್ಬರು ಲೋಕಲ್ ಆದರೂ ಅಡ್ಡಿಯಿಲ್ಲ ಅವರಿಗೆ.

ಒಂದು ಶನಿವಾರ ನನ್ನ ಗಾಡಿಯ ಎಡಗಡೆ ಕವರಿನಿಂದ ಆಯಿಲ್ ಜಿನುಗುತ್ತಿತ್ತು. ಕ್ಲಚ್ ಇರುವ ಕಡೆ ಅದು. ಗ್ಯಾಸ್ಕೆಟ್ ಅಂಗಡಿಯಲ್ಲಿ ಸಿಕ್ಕಿರಲಿಲ್ಲ. ಯಜಮಾನರು ಕವರು ಬಿಚ್ಚಿ, ಅಂಚನ್ನು ಸೀಮೆಎಣ್ಣೆಯಲ್ಲಿ ಒರೆಸಿ, ಮಡಿಲಲ್ಲಿ ಮಗುಚಿ ಇಟ್ಟುಕೊಂಡರು. ಅದರ ಮೇಲೆ ಗ್ಯಾಸ್ಕೆಟ್ ಹಾಳೆ ಹಾಸಿದರು. ಸ್ಕ್ರೂ ತೂತಿನ ನೇರಕ್ಕೆ ಹಾಳೆಯ ಮೇಲೆ ಬೇರಿಂಗಿನ ಒಂದು ಉಕ್ಕಿನ ಗುಂಡು ಇಟ್ಟು ಸುತ್ತಿಗೆಯಿಂದ ಒಂದೇ ಪೆಟ್ಟು. ಹಾಳೆಯಲ್ಲಿ ಅಚ್ಚುಕಟ್ಟಾದ ತೂತು. ಹಾಗೆ ಎರಡು ತೂತಿಗೆ ಸ್ಕ್ರೂ ಸಿಗಿಸಿ ಹಾಳೆ ಅಲ್ಲಾಡದ ಹಾಗೆ ಮಾಡಿಕೊಂಡರು. ಆಮೇಲೆ ಗುಂಡುತಲೆಯ ಸಣ್ಣ ಸುತ್ತಿಗೆಯಿಂದ ಅಂಚಿನುದ್ದಕ್ಕೂ ಟಕ್ಕುಟಕ್ಕು ಎಂದು ತಟ್ಟುತ್ತಾ ಹೋದರು. ಕವರಿನ ಅಂಚೇ ಕತ್ತರಿ. ಹೊರಗಿನ ಚೂರು ತಾನಾಗಿ ಬಿಟ್ಟುಕೊಂಡು ಬಂತು. ಕಾಲು ಗಂಟೆಯಲ್ಲಿ ಗ್ಯಾಸ್ಕೆಟ್ ಸಿದ್ಧ. ಗ್ರೀಸು ಸವರಿ ಕೂರಿಸಿದರು. ಆ ಜಾಗದಿಂದ ಇವತ್ತಿನವರೆಗೆ ಒಂದು ತೊಟ್ಟು ಆಯಿಲ್ ಬಿದ್ದಿಲ್ಲ.

ಅದೇ ಹೊತ್ತಿನಲ್ಲಿ ಕ್ಲಚ್ ಪ್ಲೇಟನ್ನೂ ನೋಡಿದೆ. ಹಳೆಯ ಜಾವಾದ ಪ್ಲೇಟಿನಲ್ಲಿ ಬಿರಡೆಯ ತುಂಡುಗಳು ಇರುತ್ತವೆ, ಶೀಶೆಗೆ ಹಾಕುವ ಬಿರಡೆಯದೇ ಜಾತಿ. ಆಯಿಲಿನಲ್ಲಿ ನೆನೆದು ಮೆತ್ತಗಾಗಿ ಹಿಡಿಯುವುದರಿಂದ ಕ್ಲಚ್ ಅಷ್ಟು ನಯ. ಗೇರ್ ಲಿವರ್ ಅದುಮಿದರೆ ಕ್ಲಚ್ ತಾನೇ ಬಿಡುತ್ತದೆ, ಅದೇ ಲಿವರನ್ನು ಒಳಗೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್ ಆಗುತ್ತದೆ. ಇಂಥ ಜಾಣತನವೆಲ್ಲ ಆ ಕವರಿನ ಒಳಗೇ ಅಡಗಿರುವುದರಿಂದ ಎಷ್ಟೋ ಮೆಕ್ಯಾನಿಕ್ಕರು ಅದಕ್ಕೆ ಕೈ ಹಾಕಲು ಹೆದರುತ್ತಾರೆ.

ಎಲ್ಲ ಭಾಗವೂ ದುರ್ಲಭ ಎಂದುಕೊಳ್ಳಬೇಡಿ. ಬೇರಿಂಗು ಸುಲಭ. ಅದು ಯಾವ ಗಾಡಿಯ ಆಸ್ತಿಯೂ ಅಲ್ಲ, ಅದರ ಮೈಮೇಲೆ ಕೆತ್ತಿರುವ ನಂಬರು ಜಗತ್ತಿಗೆಲ್ಲ ಒಂದೇ. ಸಾಮಾನ್ಯವಾಗಿ ಕೊನೆಯ ಎರಡು ಅಂಕಿಯನ್ನು ಐದರಿಂದ ಗುಣಿಸಿದರೆ ಒಳತೂತಿನ ಅಳತೆ ಮಿಲಿಮೀಟರಿನಲ್ಲಿ ಬರುತ್ತದೆ, 6305 ಎಂದಿದ್ದರೆ 25. ಪಂಪ್‌ಸೆಟ್ ರಿಪೇರಿಯವರ ಅಂಗಡಿಯಲ್ಲೂ ಅದು ಸಿಕ್ಕೀತು. ಬ್ರೇಕ್ ಶೂ ಸವೆದರೆ ಲೈನರ್ ಹೊಡೆಸಿಕೊಂಡರಾಯಿತು. ಹಳೆಯ ಗಾಡಿಗಳ 6 ವೋಲ್ಟಿನ ಬಲ್ಬು, ಬ್ಯಾಟರಿಗೆ ಸ್ವಲ್ಪ ಓಡಾಡಬೇಕು.

ಕಷ್ಟವಿರುವುದು ಸಿಲಿಂಡರಿನಲ್ಲಿ. ಅದರ ಒಳಗಿನ ಅಗಲ 65 ಮಿಲಿಮೀಟರ್. ಸವೆದಾಗ ಲೇತ್ ಅಂಗಡಿಯಲ್ಲಿ ಬೋರ್ ಹೊಡೆಸಿ ಒಂದು ಕೂದಲು ದಪ್ಪನೆಯ ಪಿಸ್ಟನ್ ಹಾಕುತ್ತಾರೆ. ಒಂದು ಹಂತ ದಾಟಿದ ಮೇಲೆ ಬೋರ್ ಹೊಡೆಸಲು ಕಬ್ಬಿಣವೇ ಉಳಿದಿರುವುದಿಲ್ಲ. ಆಗ ಒಳಗೆ ಹೊಸ ಸ್ಲೀವ್ ಕೂರಿಸಬೇಕು. ಟೂ ಸ್ಟ್ರೋಕಿನಲ್ಲಿ ಗಾಳಿ, ಪೆಟ್ರೋಲು, ಹೊಗೆ ಎಲ್ಲವೂ ಹಾದುಹೋಗುವುದು ಸಿಲಿಂಡರಿನ ಗೋಡೆಯಲ್ಲಿ ಕೊರೆದ ಕಿಂಡಿಗಳಿಂದ. ಸ್ಲೀವಿನಲ್ಲೂ ಆ ಕಿಂಡಿಗಳನ್ನು ಇದ್ದ ಜಾಗದಲ್ಲೇ ಕೊರೆಯಬೇಕು. ಒಂದು ಮಿಲಿಮೀಟರ್ ಮೇಲೆ ಕೆಳಗೆ ಆದರೂ ಗಾಡಿಯ ಗುಣವೇ ಬದಲಾಗುತ್ತದೆ. ಈ ಕೆಲಸ ಬಲ್ಲ ಲೇತ್‌ನವರು ಈಗ ಬೆರಳೆಣಿಕೆಯಷ್ಟು ಮಂದಿ. ಬಿಡಿಭಾಗ ಸಿಗುತ್ತಿಲ್ಲ ಎಂದು ನಾವು ಗೊಣಗುತ್ತೇವೆ. ಈ ಕೈಗಳಿಗೆ ಶಿಷ್ಯರು ಸಿಗುತ್ತಿಲ್ಲ ಎಂಬುದು ನನಗೆ ಅದಕ್ಕಿಂತ ದೊಡ್ಡ ಚಿಂತೆ. ಯಜಮಾನರ ಗ್ಯಾರೇಜಿನಲ್ಲಿ ಈಗಿರುವುದು ಒಬ್ಬನೇ ಹುಡುಗ. ಅವನು ಗುಂಡು ಇಟ್ಟು ಸುತ್ತಿಗೆ ಹೊಡೆಯುವುದನ್ನು ಕಲಿಯುತ್ತಿದ್ದಾನೆ ಎಂಬುದೇ ಸಮಾಧಾನ.

ಇನ್ನು ಟೈರಿಗೆ ಬರೋಣ. ಮೊದಲ ವರ್ಷ ನಾನು ಮೋಸ ಹೋದೆ. ದೂರದ ಊರಿನ ಒಬ್ಬ ವ್ಯಾಪಾರಿ ‘ಹೊಸ ಟೈರು, ಒಂದು ಕಿಲೋಮೀಟರೂ ಓಡಿಲ್ಲ’ ಎಂದು ಪಾರ್ಸೆಲ್ ಕಳಿಸಿದ. ಕಪ್ಪಗೆ ಮಿಂಚುತ್ತಿತ್ತು, ರಬ್ಬರಿನ ಮೊಳಕೆಗಳೂ ಹಾಗೇ ಇದ್ದವು. ಹಿಂದಿನ ಚಕ್ರಕ್ಕೆ ಹಾಕಿಸಿ ಚಾಮುಂಡಿ ಬೆಟ್ಟಕ್ಕೆ ಹೋದೆ. ಇಳಿಯುವಾಗ ಹಿಂಬದಿ ಓಲಾಡಿದ ಹಾಗಾಯಿತು. ನಿಲ್ಲಿಸಿ ನೋಡಿದರೆ ಟೈರಿನ ಪಕ್ಕದ ಗೋಡೆಯುದ್ದಕ್ಕೂ ಒಣಗಿದ ಕೆರೆಯಂಗಳದ ಹಾಗೆ ಬಿರುಕು. ಗಾಡಿ ತಳ್ಳಿಕೊಂಡೇ ಕೆಳಗಿಳಿದೆ. ಯಜಮಾನರು ಟೈರು ತಿರುಗಿಸಿ, ಪಕ್ಕದಲ್ಲಿದ್ದ ನಾಲ್ಕು ಅಂಕಿ ತೋರಿಸಿದರು: 2309. ಮೊದಲೆರಡು ಅಂಕಿ ವಾರ, ಕೊನೆಯೆರಡು ವರ್ಷ. 2009ರ 23ನೇ ವಾರದಲ್ಲಿ ಹುಟ್ಟಿದ ಟೈರು ಅದು. ಓಡದಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ. ಹಳೆಯ ಗಾಡಿ ಇಟ್ಟುಕೊಂಡವರು ಟೈರಿನ ಗೀರು ನೋಡುವ ಮುಂಚೆ ಈ ನಾಲ್ಕು ಅಂಕಿ ನೋಡಬೇಕು, ಆಮೇಲೆ ಪಕ್ಕದ ಗೋಡೆಯನ್ನು ಬೆರಳಿನಿಂದ ಮಡಿಸಿ ಬಿರುಕಿದೆಯೇ ಎಂದು ಪರೀಕ್ಷಿಸಬೇಕು. ಮೂರೇ ಅಂಕಿ ಇದ್ದರೆ ಅದು 2000ಕ್ಕೂ ಹಿಂದಿನದು, ಗೋಡೆಗೆ ನೇತುಹಾಕಲು ಮಾತ್ರ.

‘ರಿಮ್ಮನ್ನೇ 18 ಇಂಚಿಗೆ ಬದಲಾಯಿಸಿಬಿಡಿ, ಟೈರು ಬೇಕಾದಷ್ಟು ಸಿಗುತ್ತದೆ’ ಎಂದವರೂ ಇದ್ದಾರೆ. ರೋಡ್‌ಕಿಂಗ್ ಇಟ್ಟವರಿಗೆ ಆ ಚಿಂತೆಯಿಲ್ಲ, ಅದರ ಚಕ್ರ 18 ಇಂಚಿನದೇ. ನನಗೆ ಮನಸ್ಸು ಬರಲಿಲ್ಲ. ಆ ಗುಂಡುಗುಂಡಾದ ಮಡ್‌ಗಾರ್ಡಿನ ಒಳಗೆ ಸಣ್ಣ ಚಕ್ರ ಕೂತಿರುವುದರಿಂದಲೇ ಜಾವಾಕ್ಕೆ ಆ ನಿಲುವು. ಹೊಸ ಜಾವಾದ ಶೋರೂಮಿನಲ್ಲಿ ಬಿಡಿಭಾಗ ಕೇಳಿ ಎಂದವರೂ ಉಂಟು. 2018ರಲ್ಲಿ ಮತ್ತೆ ಬಂದ ಜಾವಾ ಮಧ್ಯಪ್ರದೇಶದ ಪೀತಂಪುರದಲ್ಲಿ ತಯಾರಾಗುವ ಗಾಡಿ, ಬಂದಾಗ 293 ಸಿಸಿಯ ಫೋರ್ ಸ್ಟ್ರೋಕ್ ಎಂಜಿನ್ನಿನದಾಗಿತ್ತು. ಚಂದದ ಗಾಡಿ. ಆದರೆ ಅದರ ಎಂಜಿನ್ನಿನ ಸಾಮಾನು ನಮ್ಮದಕ್ಕೆ ಆಗಿಬರುವುದಿಲ್ಲ.

ಆರ್‌ಟಿಒ ಕೆಲಸದ ಬಗ್ಗೆಯೂ ಒಂದು ಮಾತು ಹೇಳಿಬಿಡುತ್ತೇನೆ. ಹದಿನೈದು ವರ್ಷ ದಾಟಿದ ಗಾಡಿಯ ಆರ್‌ಸಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು, ಆಗ ಟೈರು, ದೀಪ, ಹಾರನ್ನು ಸರಿಯಿರಬೇಕು. ಐವತ್ತು ವರ್ಷ ದಾಟಿದ್ದಕ್ಕೆ ವಿಂಟೇಜ್ ನೋಂದಣಿ ಮಾಡಿಸಲು 2021ರಿಂದ ಕೇಂದ್ರದ ನಿಯಮವಿದೆ, ಹೊಸ ನೋಂದಣಿಯ ಶುಲ್ಕ 20,000 ರೂಪಾಯಿ. ಆದರೆ ಹಾಗೆ ಮಾಡಿಸಿದ ಗಾಡಿಯನ್ನು ದಿನಬಳಕೆಗೆ ಓಡಿಸುವ ಹಾಗಿಲ್ಲ. ನಾನು ಹಾಲಿಗೂ ಇದರಲ್ಲೇ ಹೋಗುವವನು, ಹಾಗಾಗಿ ಆ ದಾರಿ ಹಿಡಿಯಲಿಲ್ಲ.

ಜುಲೈ ತಿಂಗಳ ಎರಡನೇ ಭಾನುವಾರ ಜಾವಾ-ಯೆಜ್ಡಿ ದಿನ. ಬೆಂಗಳೂರು, ಮೈಸೂರಿನ ಗಾಡಿಗಳವರು ಒಟ್ಟುಗೂಡುತ್ತಾರೆ. ಹೊಳೆಯುವ ಟ್ಯಾಂಕುಗಳ ಫೋಟೊ ಎಲ್ಲರೂ ತೆಗೆಯುತ್ತಾರೆ. ನನಗೆ ಇಷ್ಟವಾಗುವುದು ಅಲ್ಲಿ ನಡೆಯುವ ಮಾತುಕತೆ. ‘ನನ್ನ ಹತ್ರ ಎರಡು ಕಾರ್ಬೊರೇಟರ್ ಇವೆ, ನಿಮ್ಮಲ್ಲಿ ಡೈನಮೊ ಇದೆಯಾ?’ ಎಂಬಂಥದ್ದು. ಇಂಥ ಕಡೆ ನನ್ನದೊಂದೇ ಬೇಡಿಕೆ: ಚೆನ್ನಾಗಿ ಓಡುವ ಗಾಡಿಯನ್ನು ಬಿಡಿಭಾಗದ ಆಸೆಗೆ ಬಿಚ್ಚಿ ಮಾರಬೇಡಿ. ಸವೆದದ್ದನ್ನು ಗುಜರಿಗೆ ಹಾಕಲೂ ಬೇಡಿ. ಸವೆದ ಭಾಗವೇ ಹೊಸದು ಮಾಡಿಸಲು ಅಳತೆ ಕೊಡುತ್ತದೆ.

ಹೋದ ತಿಂಗಳು ಯಜಮಾನರಿಂದ ಫೋನು ಬಂತು. ‘ಸಾರ್, ಒಂದು ಸಿಕ್ಕಿದೆ. ಅಂಕಿ ನೋಡ್ದೆ, ಹೊಸದೇ. ಬನ್ನಿ.’ ಅವರ ಹಳೆಯ ಗಿರಾಕಿಯೊಬ್ಬರು ಜೋಡಿ ತರಿಸಿ ಒಂದನ್ನು ಬಿಟ್ಟುಕೊಟ್ಟಿದ್ದರು. ಹುಡುಗ ಟ್ಯೂಬಿಗೆ ಪೌಡರ್ ಸವರಿದ. ಯಜಮಾನರು ಎರಡು ಲಿವರ್ ಹಿಡಿದು ಟೈರನ್ನು ರಿಮ್ಮಿನೊಳಗೆ ತುರುಕಿ, ಕಾಲಿನಲ್ಲಿ ಅದುಮುತ್ತಾ ಸುತ್ತು ಬಂದರು. ಗಾಳಿ ತುಂಬಿ, ಚಕ್ರ ತಿರುಗಿಸಿ, ಓಲಾಟವಿಲ್ಲ ಎಂದು ಖಾತರಿ ಮಾಡಿಕೊಂಡರು. ಮುಂದಿನ ಚಕ್ರಕ್ಕೆ ಹಾಕೋಣವೇ ಎಂದೆ. ‘ಭಾರ ಹೊರೋದು ಹಿಂದಿನದು, ಮೊದ್ಲು ಅದಕ್ಕೇ’ ಎಂದರು. ಮುಂದಿನದನ್ನು ಇನ್ನೂ ಹುಡುಕುತ್ತಿದ್ದೇನೆ.