ರೋಗಾಣುನಾಶಕ ಪಾಲಿಮರ್‌ಗಳು: ಉಪಯೋಗ ಮತ್ತು ಎಚ್ಚರಿಕೆ

ಸುಲ್ತಾನ್‌ಪೇಟೆಯಿಂದ ನಡೆದು ಹೋಗುವಷ್ಟು ದೂರದಲ್ಲಿ, 1900ರಲ್ಲಿ ಆರಂಭಗೊಂಡ ವಿಕ್ಟೋರಿಯಾ ಆಸ್ಪತ್ರೆಯಿದೆ. ಅಂತಹ ದೊಡ್ಡ ಆಸ್ಪತ್ರೆಗಳಲ್ಲಿ ಮೂತ್ರಕೋಶಕ್ಕೋ ರಕ್ತನಾಳಕ್ಕೋ ಕೊಳವೆ ಹಾಕಿಸಿಕೊಂಡು ಮಲಗಿದ ಹಿರಿಯರನ್ನು ಕಾಣದ ಮನೆತನಗಳು ನಮ್ಮ ಭಕ್ತಸಮೂಹದಲ್ಲಿ ವಿರಳ. ಮೂಲ ಕಾಯಿಲೆ ಗುಣವಾಗುತ್ತಿದ್ದರೂ ಕೊಳವೆಯ ಮೇಲೆ ಬೀಡುಬಿಟ್ಟ ಬ್ಯಾಕ್ಟೀರಿಯಾಗಳಿಂದ ಹೊಸ ಸೋಂಕು ತಗಲುವುದುಂಟು. ಅವು ಲೋಳೆಯಂತಹ ಪದರ ಕಟ್ಟಿಕೊಂಡರೆ ಔಷಧಿಗೂ ಸುಲಭವಾಗಿ ಜಗ್ಗುವುದಿಲ್ಲ. ಹಾಗಾದರೆ ಕೊಳವೆಯ ಮೈಯೇ ರೋಗಾಣುಗಳನ್ನು ಕೊಲ್ಲುವಂತೆ ಮಾಡಲಾಗದೇ?

ನಮ್ಮ ನಗರದ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಜಯಂತ ಹಾಲ್ದಾರ್ ಅವರ ತಂಡವು ಈ ದಿಸೆಯಲ್ಲಿ ಶ್ರಮಿಸುತ್ತ ಬಂದಿದೆ. ಬಣ್ಣದಂತೆ ಬಳಿಯಬಹುದಾದ, ನೀರಿನಲ್ಲಿ ಕರಗದ ಪಾಲಿಮರ್ ಲೇಪಗಳನ್ನು ಅದು ರೂಪಿಸಿದೆ. ಇವುಗಳ ಕಾರ್ಯವಿಧಾನ ಸರಳ. ಬ್ಯಾಕ್ಟೀರಿಯಾದ ಹೊರಮೈಯಲ್ಲಿ ಋಣ ವಿದ್ಯುದಂಶವಿರುತ್ತದೆ, ಪಾಲಿಮರ್ ಸರಪಳಿಯಲ್ಲಿ ಧನ ವಿದ್ಯುದಂಶ. ಎರಡೂ ಅಂಟಿಕೊಂಡೊಡನೆ ಸರಪಳಿಯ ಜಿಡ್ಡಿನ ಗುಣವುಳ್ಳ ಭಾಗವು ಪೊರೆಯೊಳಗೆ ನುಗ್ಗಿ ಅದನ್ನು ಹರಿಯುತ್ತದೆ.

ಅಪಾಯವೂ ಇಲ್ಲಿಯೇ ಅಡಗಿದೆ. ಮನುಷ್ಯನ ಜೀವಕೋಶಗಳ ಪೊರೆಯ ಹೊರಪದರವು ಬಹುಮಟ್ಟಿಗೆ ತಟಸ್ಥವಾಗಿರುವುದರಿಂದ ನಮಗೆ ಕೊಂಚ ರಕ್ಷಣೆಯುಂಟು. ಆದರೆ ಜಿಡ್ಡಿನ ಗುಣ ಹೆಚ್ಚಾದರೆ ಅದೇ ಪಾಲಿಮರ್ ಕೆಂಪು ರಕ್ತಕಣಗಳನ್ನೂ ಒಡೆಯಬಲ್ಲದು. ಆದುದರಿಂದ ಎಷ್ಟು ರೋಗಾಣುಗಳು ಸತ್ತವೆಂಬ ಲೆಕ್ಕ ಮಾತ್ರ ಸಾಲದು. ಎಷ್ಟು ರಕ್ತಕಣಗಳು ಉಳಿದವೆಂಬುದನ್ನೂ ಕೇಳಬೇಕು. ಲೇಪವು ಕ್ರಮೇಣ ಕಳಚಿ ರಕ್ತಕ್ಕೆ ಸೇರುವುದೇ ಎಂಬುದನ್ನೂ ಪರೀಕ್ಷಿಸಬೇಕು.

ದಕ್ಷಿಣ ಕೊರಿಯಾದಲ್ಲಿ ನಡೆದ ದುರಂತ ಇದಕ್ಕೆ ಸಾಕ್ಷಿ. ಪಾಲಿಹೆಕ್ಸಾಮೆಥಿಲೀನ್ ಗ್ವಾನಿಡೀನ್ ಎಂಬ ಇಂಥದೇ ಪಾಲಿಮರ್ ಅನ್ನು, ಕೋಣೆಯ ಗಾಳಿಗೆ ತೇವ ನೀಡುವ ಯಂತ್ರಗಳ ನೀರಿಗೆ ಸೋಂಕುನಿವಾರಕವಾಗಿ ಬೆರೆಸುತ್ತಿದ್ದರು. ಮಂಜಿನಂತಹ ಹನಿಗಳೊಡನೆ ಅದು ಶ್ವಾಸಕೋಶ ಸೇರಿತು. ಗರ್ಭಿಣಿಯರು, ಹಸುಗೂಸುಗಳು ಸೇರಿದಂತೆ ಅನೇಕರು ಪ್ರಾಣ ಕಳೆದುಕೊಂಡರು. 2011ರಲ್ಲಿ ಕಾರಣ ಬಯಲಾಯಿತು. ಮನೆಯನ್ನು ಶುಚಿಯಾಗಿಡಲೆಂದೇ ತಾಯಂದಿರು ಅದನ್ನು ಕೊಂಡಿದ್ದರೆಂಬುದು ನಮ್ಮನ್ನು ಹೆಚ್ಚು ಕಾಡುತ್ತದೆ. ಒಂದೆಡೆ ನಿರಪಾಯವೆನಿಸಿದ ವಸ್ತು ಇನ್ನೊಂದೆಡೆ ವಿಷವಾಗಬಹುದು. ಕೊಳವೆಗೆ ಒಪ್ಪುವ ಲೇಪವನ್ನು ಉಸಿರಿಗೆ ಒಡ್ಡಬಾರದು.

ಕೆಲವು ಕೊಳವೆಗಳಿಗೆ ಲೇಪಿಸುವ ಕ್ಲೋರ್‌ಹೆಕ್ಸಿಡಿನ್ ಪಾಲಿಮರ್ ಅಲ್ಲ. ಆದರೂ ಅದು ಕೆಲವರಲ್ಲಿ ಪ್ರಾಣಾಂತಿಕ ಅಲರ್ಜಿ ಉಂಟುಮಾಡಬಲ್ಲದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 1998ರಲ್ಲಿಯೇ ಎಚ್ಚರಿಸಿತ್ತು. ಹಿಂದೆ ಯಾವುದಾದರೂ ಸೋಂಕುನಿವಾರಕದಿಂದ ಮೈಯಲ್ಲಿ ಗಂಧೆ ಎದ್ದಿದ್ದರೆ, ಉಸಿರು ಕಟ್ಟಿದ್ದರೆ, ಕೊಳವೆ ಹಾಕುವ ಮುನ್ನವೇ ಅದನ್ನು ವೈದ್ಯರಿಗೆ ತಿಳಿಸಬೇಕೆಂದೂ, ಯಾವ ಲೇಪವಿದೆಯೆಂದು ಕೇಳಲು ಸಂಕೋಚಪಡಬಾರದೆಂದೂ ಸದ್ಭಕ್ತರಲ್ಲಿ ಕೋರುತ್ತೇವೆ.