ಒಂದು ಖಾಲಿ ಖೋಕಾದ ಲೆಕ್ಕ

ಕಳೆದ ವರ್ಷದ ಎನ್‌ಸಿಸಿ ಕ್ಯಾಂಪ್. ಏಳನೇ ದಿನ ಬೆಳಿಗ್ಗೆ ಫೈರಿಂಗ್ ಅಂದಾಗ ನಮಗೆಲ್ಲ ಹಬ್ಬ. ಚಾಮರಾಜನಗರದಲ್ಲಿ ಬಿ.ಇ. ಮೆಕ್ಯಾನಿಕಲ್ ಓದುವ ನನಗೆ ರೈಫಲ್ ಎಂದರೆ ಆಯುಧಕ್ಕಿಂತ ಹೆಚ್ಚಾಗಿ ಒಂದು ಯಂತ್ರ. ಅದು ಹೇಗೆ ಕೆಲಸ ಮಾಡುತ್ತದೆ ಎಂಬ ಕುತೂಹಲವೇ ನನ್ನನ್ನು ಅಂದು ಕೆಡಿಸಿತು.

ಎನ್‌ಸಿಸಿಯಲ್ಲಿ ನಮಗೆ ಕೊಡುವುದು ಪಾಯಿಂಟ್ ಟು ಟು ರೈಫಲ್. ನಳಿಕೆಯ ಅಗಲ ಒಂದು ಇಂಚಿನ ನೂರರಲ್ಲಿ 22 ಭಾಗ, ಅಂದರೆ ಸುಮಾರು ಐದೂವರೆ ಮಿಲಿಮೀಟರ್. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕೊಲ್ಹಾಪುರ ಕಡೆಯ ಸ್ವಪ್ನಿಲ್ ಕುಸಾಳೆ 50 ಮೀಟರ್ ಸ್ಪರ್ಧೆಯಲ್ಲಿ ಕಂಚು ಗೆದ್ದದ್ದೂ ಇದೇ ಅಳತೆಯ ಗುಂಡಿನಿಂದ. ನಮ್ಮ ಗುರಿ ಮಾತ್ರ 25 ಗಜ ದೂರದಲ್ಲಿತ್ತು. ಒಬ್ಬರಿಗೆ ಐದು ಗುಂಡು.

ಮಲಗಿದೆವು. ‘ಭರ್’ ಎಂದಾಗ ತುಂಬಿದೆವು. ಬೋಲ್ಟ್ ಹಿಂದಕ್ಕೆ ಎಳೆದಾಗಲೆಲ್ಲ ಖಾಲಿಯಾದ ಹಿತ್ತಾಳೆ ಕವಚ ಬಲಕ್ಕೆ ಚಿಮ್ಮುತ್ತದೆ. ಅದಕ್ಕೆ ಅಲ್ಲಿ ಎಲ್ಲರೂ ಹೇಳುವುದು ‘ಖೋಕಾ’ ಎಂದು. ನನ್ನ ಎಡಕ್ಕೆ ಕೊಳ್ಳೇಗಾಲ ಕಡೆಯ ಒಬ್ಬ ಜೂನಿಯರ್ ಮಲಗಿದ್ದ. ಅವನ ಒಂದು ಖೋಕಾ ಹಾರಿ ಬಂದು ನನ್ನ ಎಡ ಮೊಣಕೈ ಹತ್ತಿರ ಬಿತ್ತು. ಇನ್ನೂ ಬಿಸಿಯಿತ್ತು. ಸುತ್ತ ನೋಡಿದೆ. ಯಾರೂ ಗಮನಿಸಲಿಲ್ಲ. ಜೇಬಿಗೆ ಹಾಕಿಕೊಂಡೆ.

ಕದಿಯುತ್ತಿದ್ದೇನೆ ಎಂದು ನನಗೆ ಅನ್ನಿಸಲೇ ಇಲ್ಲ. ಹಿಂದಿನ ವಾರವಷ್ಟೇ ಹಾಸ್ಟೆಲ್‌ನಲ್ಲಿ ಒಂದು ವಿಡಿಯೊ ನೋಡಿದ್ದೆವು. ಅಮೆರಿಕದಲ್ಲಿ ಜನ ಮನೆಯಲ್ಲೇ ಕೂತು ಖಾಲಿ ಕವಚಗಳಿಗೆ ಮತ್ತೆ ಮದ್ದು ತುಂಬುತ್ತಾರೆ. ಅಲ್ಲಿ ಅದೊಂದು ಹವ್ಯಾಸ. ‘ನಮ್ಮ ಗುಂಡಿಗೂ ಹಾಗೆ ಮಾಡಬಹುದಾ?’ ಎಂದು ರೂಮಿನಲ್ಲಿ ವಾದ ನಡೆದಿತ್ತು. ಖೋಕಾ ತಂದು ವರ್ನಿಯರ್‌ನಲ್ಲಿ ಅಳೆದು ವಾದ ಮುಗಿಸೋಣ ಎಂದುಕೊಂಡಿದ್ದೆ. ಅಷ್ಟೇ.

ಆ ವಾದಕ್ಕೆ ಉತ್ತರ ಆಮೇಲೆ ಓದಿ ತಿಳಿದುಕೊಂಡೆ. ದೊಡ್ಡ ಗುಂಡುಗಳಲ್ಲಿ ಕಿಡಿ ಹೊತ್ತಿಸುವ ಕೇಪು ತಳದ ಮಧ್ಯದಲ್ಲಿ ಬೇರೆಯಾಗಿ ಕೂತಿರುತ್ತದೆ. ಅದನ್ನು ಬದಲಿಸಬಹುದು. ನಮ್ಮ ಸಣ್ಣ ಗುಂಡಿನಲ್ಲಿ ಆ ಮದ್ದು ತಳದ ಅಂಚಿನ ಒಳಗೇ ಅಡಗಿರುತ್ತದೆ. ಪಿನ್ ಹೊಡೆದಾಗ ಅಂಚೇ ಜಜ್ಜಿಹೋಗುತ್ತದೆ. ಹಾಗಾಗಿ ಅದು ಒಮ್ಮೆ ಬಳಸಿ ಎಸೆಯಲೆಂದೇ ಮಾಡಿದ ವಸ್ತು. ಅದಿರಲಿ, ನಮ್ಮ ದೇಶದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಗುಂಡು ತಯಾರಿಸುವುದೇ ಅಪರಾಧ. ವಿಡಿಯೊ ನೋಡಿ ಕೈ ಹಾಕುವ ಹವ್ಯಾಸ ಇದಲ್ಲ.

ಅಂದು ‘ಖಾಲಿ ಕರ್’ ಆದ ಮೇಲೆ ಖೋಕಾ ಎಣಿಕೆ. ನನ್ನ ಐದು ಕೊಟ್ಟೆ. ಪಕ್ಕದ ಹುಡುಗನ ಬಳಿ ನಾಲ್ಕೇ ಇದ್ದವು. ಹವಾಲ್ದಾರ್ ಸಾಹೇಬರ ಮುಖ ಬದಲಾಯಿತು. ಕೊಟ್ಟಷ್ಟು ಗುಂಡಿಗೆ ಅಷ್ಟೇ ಖೋಕಾ ವಾಪಸ್ ಬರಬೇಕು. ಒಂದು ಕಡಿಮೆಯಾದರೆ ಒಂದು ಜೀವಂತ ಗುಂಡು ಯಾರದೋ ಜೇಬು ಸೇರಿದೆ ಎಂಬ ಅನುಮಾನ. ಸಿಗುವವರೆಗೂ ಯಾರಿಗೂ ಊಟವಿಲ್ಲ ಎಂದರು.

ನೂರಾರು ಮಂದಿ ಬಿಸಿಲಿನಲ್ಲಿ ಹುಲ್ಲು ಕೆದಕಿದರು. ಆ ಹುಡುಗನಿಗೆ ಫ್ರಂಟ್ ರೋಲ್ ಶಿಕ್ಷೆ. ‘ಐದೂ ಹೊಡೆದೆ ಸರ್’ ಎಂದು ಅಳುಮುಖದಲ್ಲಿ ಹೇಳುತ್ತಲೇ ಉರುಳಿದ. ನನ್ನ ಬಾಯಿ ಒಣಗಿತ್ತು. ಹೇಳಿದರೆ ಕ್ಯಾಂಪಿನಿಂದ ಹೊರಗೆ ಹಾಕುತ್ತಾರೆ, ‘ಸಿ’ ಸರ್ಟಿಫಿಕೇಟ್ ಹೋಯಿತು, ಅದನ್ನೇ ನಂಬಿದ ಸೇನೆಯ ಎನ್‌ಸಿಸಿ ಸ್ಪೆಷಲ್ ಎಂಟ್ರಿಯ ಕನಸೂ ಹೋಯಿತು. ಮನಸ್ಸಿನಲ್ಲಿ ಇದೇ ಲೆಕ್ಕ. ಕೊನೆಗೆ ಬಗ್ಗಿ ಹುಡುಕುವವನಂತೆ ನಟಿಸಿ ಖೋಕಾವನ್ನು ಹುಲ್ಲಿಗೆ ಬಿಟ್ಟೆ. ‘ಸಿಕ್ಕಿತು ಸರ್!’ ಎಂದು ಕೂಗಿದೆ.

ಹವಾಲ್ದಾರ್ ಸಾಹೇಬರು ಎಲ್ಲರೆದುರು ನನ್ನ ಬೆನ್ನು ತಟ್ಟಿ ‘ಶಾಬಾಶ್’ ಅಂದರು. ಆ ಹುಡುಗ ಓಡಿ ಬಂದು ಕೈ ಹಿಡಿದು ‘ಥ್ಯಾಂಕ್ಸ್ ಅಣ್ಣ’ ಎಂದ. ಅಂದು ಮಧ್ಯಾಹ್ನ ಅನ್ನ ಸೇರಲಿಲ್ಲ.

ಕ್ಯಾಂಪ್ ಮುಗಿಸಿ ಗುಂಡ್ಲುಪೇಟೆ ಹತ್ತಿರದ ನಮ್ಮೂರಿಗೆ ಹೋದೆ. ಬಂಡೀಪುರದ ಅಂಚಿನ ಊರು. ರಾತ್ರಿಯಾದರೆ ಹಂದಿ ಕಾಟ. ತಾತನ ಹತ್ತಿರ ಬೆಳೆ ಕಾಯಲು ಲೈಸೆನ್ಸ್ ಪಡೆದ ಹಳೆಯ ಒಂಟಿ ನಳಿಕೆ ಬಂದೂಕಿದೆ. ಸದ್ದು ಮಾಡಿ ಬೆದರಿಸುವುದಕ್ಕಷ್ಟೇ. ಕಾಡುಪ್ರಾಣಿ ಹೊಡೆಯಲು ಆ ಲೈಸೆನ್ಸ್ ಅನುಮತಿಯಲ್ಲ. ಅಭಯಾರಣ್ಯದಿಂದ 10 ಕಿಲೋಮೀಟರ್ ಒಳಗಿನವರು ತಮ್ಮ ಬಂದೂಕನ್ನು ನೋಂದಾಯಿಸಬೇಕೆಂದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಹೇಳುತ್ತದೆ. ಚುನಾವಣೆ ಬಂದಾಗ ತಾತ ಅದನ್ನು ಠಾಣೆಯಲ್ಲಿ ಇಟ್ಟು ರಸೀದಿ ತರುತ್ತಾರೆ. ಆ ರಸೀದಿಗಳನ್ನೆಲ್ಲ ಟ್ರಂಕಿನಲ್ಲಿ ದಾರ ಕಟ್ಟಿ ಇಟ್ಟಿದ್ದಾರೆ. ನಾವೆಲ್ಲ ಅದನ್ನು ನೋಡಿ ನಗುತ್ತಿದ್ದೆವು.

ಜಗಲಿಯಲ್ಲಿ ಕೂತು ಎಲ್ಲ ಹೇಳಿದೆ. ತಾತ ಎಲೆಅಡಿಕೆ ಅಗಿಯುತ್ತ ಕೇಳಿದರು: ‘ಆ ಹುಡ್ಗ ಏನೂ ಅನ್ನಿಲ್ವಾ?’

‘ಅವನಿಗೆ ಗೊತ್ತೇ ಇಲ್ಲ ತಾತ.’

‘ನಿಂಗ ಗೊತ್ತದಲ್ಲ ಮಗ.’

ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹೇಳಿದರು: ‘ಬಂದೂಕ ಮಡಿಕೊಂಡವ್ನು ಲೆಕ್ಕ ತಪ್ಪಬಾರ್ದು ಕನ. ಗುಂಡು ತಿರ್ಗಿ ಬರಲ್ಲ. ಲೆಕ್ಕ ಮಾತ್ರ ಬತ್ತದ.’

ಸೋಮವಾರ ಕಾಲೇಜಿಗೆ ಬಂದವನೇ ಮೊದಲು ಆ ಹುಡುಗನನ್ನು ಹುಡುಕಿದೆ. ಕ್ಯಾಂಟೀನ್ ಹಿಂದೆ ನಿಲ್ಲಿಸಿ ಹೇಳಿದೆ. ಅವನು ಬೈಯಲಿಲ್ಲ. ‘ಅಣ್ಣ, ಅವತ್ತೇ ಹೇಳಿದ್ರೆ ಚೆನ್ನಾಗಿತ್ತು’ ಎಂದಷ್ಟೇ ಹೇಳಿ ಹೋದ. ಬೈದಿದ್ದರೆ ಹಗುರಾಗುತ್ತಿತ್ತೇನೋ. ಮುಂದಿನ ಪರೇಡ್ ದಿನ ಹವಾಲ್ದಾರ್ ಸಾಹೇಬರಿಗೂ ಹೇಳಿದೆ. ಮೈದಾನಕ್ಕೆ ಹತ್ತು ಸುತ್ತು ಓಡಿಸಿದರು. ಕೊನೆಗೆ, ‘ಮುಂದಿನ ಫೈರಿಂಗ್‌ನಲ್ಲಿ ಖೋಕಾ ಎಣಿಸುವುದು ನೀನೇ’ ಎಂದರು.

ನಾವು ಎಂಜಿನಿಯರಿಂಗ್ ಹುಡುಗರು ಕುತೂಹಲವನ್ನು ದೊಡ್ಡ ಗುಣ ಎಂದುಕೊಂಡಿದ್ದೇವೆ. ಹೌದು, ದೊಡ್ಡದೇ. ಆದರೆ ಕೇಳಿ ತಿಳಿಯುವ ಕುತೂಹಲ ಬೇರೆ, ಜೇಬಿಗಿಳಿಸುವ ಕುತೂಹಲ ಬೇರೆ. ಅಂದು ‘ಸರ್, ಇದು ಹೇಗೆ ಕೆಲಸ ಮಾಡುತ್ತೆ?’ ಎಂದು ಕೇಳಿದ್ದರೆ ಅವರೇ ಕೈಯಲ್ಲಿಟ್ಟು ತೋರಿಸುತ್ತಿದ್ದರು.

ಈ ವರ್ಷದ ಫೈರಿಂಗ್ ಮೊನ್ನೆ ಮುಗಿಯಿತು. ಡಬ್ಬಿ ಹಿಡಿದು ಒಂದೊಂದೇ ಸಾಲಿನ ಮುಂದೆ ನಿಂತು ಎಣಿಸಿದೆ. ಆ ಹುಡುಗನ ಸರದಿ ಬಂತು. ಅಂಗೈ ಚಾಚಿ ಒಂದೊಂದಾಗಿ ಡಬ್ಬಿಗೆ ಹಾಕಿದ.

‘ಎಣಿಸ್ಕೊಳ್ಳಿ ಅಣ್ಣ. ಐದು.’

ಐದೇ ಇದ್ದವು.